ಡೆಕ್ಕಿನಡಿಯ ಡೀಸೆಲ್ ಟ್ಯಾಂಕ್: ದೋಷ ಪತ್ತೆಯಿಂದ ಬದಲಾವಣೆಯವರೆಗೆ

ಈ ಕೈಪಿಡಿ ಒಳ ಎಂಜಿನ್ ಇರುವ ಸಣ್ಣ ಮೀನುಗಾರಿಕಾ ಬೋಟುಗಳಿಗೆ ಸಂಬಂಧಿಸಿದ್ದು. ಅಂದರೆ ಮಂಗಳೂರಿನ ದಕ್ಕೆಯಿಂದ ಮಲ್ಪೆ, ಗಂಗೊಳ್ಳಿ, ತದಡಿ ದಾಟಿ ಕಾರವಾರದ ಬೈತಖೋಲದವರೆಗೆ ಕಾಣಸಿಗುವ, ಫೈಬರಿನಲ್ಲೋ ಮರದಲ್ಲೋ ಕಟ್ಟಿದ, ಡೀಸೆಲಿನಿಂದ ಓಡುವ ಬೋಟುಗಳಿಗೆ. ಇಂಥ ಬೋಟು ಕಟ್ಟುವಾಗ ಟ್ಯಾಂಕನ್ನು ಎಂಜಿನ್ ಕೋಣೆಯ ಪಕ್ಕದಲ್ಲೋ ಹಿಂಭಾಗದ ಡೆಕ್ಕಿನ ಕೆಳಗೋ ಮೊದಲೇ ಕೂರಿಸಿ, ಆಮೇಲೆ ಮೇಲಿನಿಂದ ಡೆಕ್ಕು ಮುಚ್ಚಿಬಿಡುವುದುಂಟು. ಆದ್ದರಿಂದ ಟ್ಯಾಂಕ್ ಬದಲಾಯಿಸುವುದೆಂದರೆ ಬಹುಪಾಲು ಡೆಕ್ಕನ್ನು ಕೊಯ್ಯುವುದೆಂದೇ ಅರ್ಥ. ಕೊಯ್ದ ಮೇಲೆ ಟ್ಯಾಂಕಿನಲ್ಲಿ ದೋಷವೇ ಇರಲಿಲ್ಲ ಎಂದು ತಿಳಿದರೆ ಆಗುವ ನಷ್ಟ ಟ್ಯಾಂಕಿನ ಬೆಲೆಗಿಂತ ದೊಡ್ಡದು. ಹೊರಗೆ ಜೋಡಿಸುವ ಎಂಜಿನ್ ಮತ್ತು ಬಿಡಿ ಕ್ಯಾನುಗಳನ್ನು ಬಳಸುವ ನಾಡದೋಣಿಗಳಿಗೆ ಇಲ್ಲಿನ ಹೆಚ್ಚಿನ ವಿಷಯ ಅನ್ವಯಿಸುವುದಿಲ್ಲ.

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಟ್ಯಾಂಕಿನ ಕೆಲಸವನ್ನು ಆ 61 ದಿನಗಳಿಗೆ ಇಟ್ಟುಕೊಳ್ಳುವುದು ಸಹಜ. ಆದರೆ ಪರೀಕ್ಷೆಗಳನ್ನು ಆ ತನಕ ಮುಂದೂಡಬಾರದು. ಬೋಟು ದಡ ಹತ್ತಿದ ಮೇಲೆ ಎಂಜಿನ್ನಿಗೆ ಕಡಲಿನ ಹೊರೆ ಕೊಟ್ಟು ನೋಡಲಾಗದು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಅರ್ಧದಷ್ಟು ಬೋಟು ನೀರಿನಲ್ಲಿದ್ದಾಗ ಮಾತ್ರ ಸಾಧ್ಯ. ಏಪ್ರಿಲ್–ಮೇ ತಿಂಗಳಲ್ಲೇ ದೋಷವನ್ನು ಖಚಿತಪಡಿಸಿಕೊಂಡರೆ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಸರದಿಯೂ ಬೇಗ ಸಿಗುತ್ತದೆ.

ಎಂಜಿನ್ ಯಾವ ರೀತಿ ನಿಲ್ಲುತ್ತದೆ?

ದಕ್ಕೆಯಲ್ಲಿ ನಿಂತಲ್ಲೇ ಗಂಟೆಗಟ್ಟಲೆ ಓಡುವ ಎಂಜಿನ್, ಅಳಿವೆ ದಾಟಿ ವೇಗ ಏರಿಸಿದ ಸ್ವಲ್ಪ ಹೊತ್ತಿಗೆ ಶಕ್ತಿ ಕಳೆದುಕೊಂಡು ನಿಂತುಹೋಗಿ, ಹತ್ತು ಹದಿನೈದು ನಿಮಿಷ ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ ಎಂದಾದರೆ, ಡೀಸೆಲ್ ಇದೆ, ಆದರೆ ಬೇಕಾದಷ್ಟು ಬರುತ್ತಿಲ್ಲ ಎಂದು ತಿಳಿಯಬೇಕು. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಕಟ್ಟಿಕೊಂಡು ಒಳಗೆ ನಿರ್ವಾತ ಉಂಟಾಗಿರುವುದು. ಇನ್ನೊಂದು, ತಳದ ಕಸ ಹೀರುವ ಕೊಳವೆಯ ಬಾಯಿಗೆ ಬಂದು ಅಂಟಿಕೊಳ್ಳುವುದು. ಎಂಜಿನ್ ನಿಂತಾಗ ಸೆಳೆತ ತಪ್ಪಿ ಅದು ಕಳಚಿ ಕೆಳಗೆ ಬೀಳುತ್ತದೆ. ನಿಲ್ಲುವ ಬದಲು ವೇಗ ತಾನಾಗಿ ಏರಿಳಿಯುತ್ತಿದ್ದರೆ ಗಾಳಿ ಸೇರುತ್ತಿರುವ ಸಂಶಯ ಹೆಚ್ಚು. ಕಡಲು ಎದ್ದಾಗ ಮಾತ್ರ ತೊಂದರೆಯಾಗಿ ಶಾಂತವಾಗಿದ್ದಾಗ ಆಗದಿದ್ದರೆ, ತಳದ ನೀರು ಅಥವಾ ಹೂಳು ಕಲಕಿ ಮೇಲೇಳುತ್ತಿದೆ, ಇಲ್ಲವೇ ಡೀಸೆಲ್ ಮಟ್ಟ ಕಡಿಮೆಯಿದ್ದು ಬೋಟು ಓಲಾಡಿದಾಗ ಕೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳುತ್ತಿದೆ.

ವೆಂಟಿನ ಪರೀಕ್ಷೆಗೆ ಸಲಕರಣೆಯೇ ಬೇಡ. ಎಂಜಿನ್ ಕುಗ್ಗತೊಡಗಿದ ಕ್ಷಣದಲ್ಲೇ ಡೆಕ್ಕಿನ ಮೇಲಿನ ಡೀಸೆಲ್ ಮುಚ್ಚಳವನ್ನು ಸಡಿಲಿಸಬೇಕು. ಗಾಳಿ ಸುಯ್ಯೆಂದು ಒಳಗೆ ಸೆಳೆದುಕೊಂಡು ಎಂಜಿನ್ ಚೇತರಿಸಿಕೊಂಡರೆ ತಪ್ಪು ವೆಂಟಿನದು. ಮಳೆಗಾಲ ಪೂರ್ತಿ ದಡದಲ್ಲಿದ್ದ ಬೋಟಿನ ವೆಂಟಿನ ಬಾಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರುವುದು, ಬಣ್ಣ ಬಳಿದವರು ಜಾಲರಿಯ ಮೇಲೂ ಕುಂಚ ಎಳೆದಿರುವುದು, ಉಪ್ಪು ಗಟ್ಟಿಯಾಗಿ ಕೂತಿರುವುದು, ಈ ಮೂರೂ ಅಪರೂಪವೇನಲ್ಲ. ತೆಳು ತಂತಿಯೊಂದರಿಂದ ಮುಗಿಯುವ ಕೆಲಸಕ್ಕೆ ಡೆಕ್ಕು ಕೊಯ್ಯುವ ಅಗತ್ಯವಿಲ್ಲ.

ವೆಂಟ್ ಸರಿಯಿದ್ದರೆ ಮುಂದಿನದು ಹೀರುವ ದಾರಿಯ ಪರೀಕ್ಷೆ. ಟ್ಯಾಂಕಿನಿಂದ, ಡೀಸೆಲನ್ನು ಎಳೆದು ಎಂಜಿನ್ನಿನತ್ತ ಕಳಿಸುವ ಲಿಫ್ಟ್ ಪಂಪಿನವರೆಗಿನ ಪೈಪಿನಲ್ಲಿ ಒತ್ತಡವಿರುವುದಿಲ್ಲ, ಸೆಳೆತವಿರುತ್ತದೆ. ಅಲ್ಲಿನ ಸಡಿಲ ಜೋಡಣೆಯಿಂದ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿಯೇ ಒಳಗೆ ಹೋಗುವುದರಿಂದ, ಹೊರಗಿನಿಂದ ಎಲ್ಲವೂ ಒಣಗಿದ್ದು ಚೊಕ್ಕವಾಗಿ ಕಂಡಷ್ಟೂ ಜನ ಮೋಸ ಹೋಗುತ್ತಾರೆ. ಮೊದಲ ಫಿಲ್ಟರಿಗಿಂತ ಮುಂಚೆ ಒಂದು ಗೇಣು ಪಾರದರ್ಶಕ ನಳಿಗೆಯನ್ನು ತಾತ್ಕಾಲಿಕವಾಗಿ ಜೋಡಿಸಿ, ಎಂಜಿನ್ ಓಡುತ್ತಿರುವಾಗ ಟಾರ್ಚ್ ಹಿಡಿದು ನೋಡಿದರೆ ಗುಳ್ಳೆಗಳ ಸಾಲು ಕಾಣುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಗುಳ್ಳೆ ಕಂಡರೆ ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆಯನ್ನು ಬಿಗಿ ಮಾಡುತ್ತ ಸಾಗಬೇಕು. ಟ್ಯಾಂಕಿನೊಳಗೆ ಇಳಿಬಿದ್ದ ಹೀರುವ ಕೊಳವೆಯಲ್ಲೇ ತುಕ್ಕಿನ ತೂತು ಬಿದ್ದಿದ್ದರೆ, ಡೀಸೆಲ್ ಆ ತೂತಿಗಿಂತ ಕೆಳಗಿಳಿದ ಮೇಲಷ್ಟೇ ಗುಳ್ಳೆ ಬರುತ್ತದೆ. ಆ ಕೊಳವೆಯನ್ನು ಮಾತ್ರ ಹೊರತೆಗೆದು ಬದಲಾಯಿಸಬಹುದು.

ಇಷ್ಟಾದ ಮೇಲೂ ಸಂಶಯ ಉಳಿದರೆ ಹೊರಗಿನ ಕ್ಯಾನಿನ ಪರೀಕ್ಷೆ ಮಾಡಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ಇದೇ. ಶುದ್ಧ ಡೀಸೆಲ್ ತುಂಬಿದ 20 ಲೀಟರಿನ ಕ್ಯಾನನ್ನು ಟ್ಯಾಂಕಿನ ಮಟ್ಟದಲ್ಲೇ ಭದ್ರವಾಗಿ ಕಟ್ಟಿ, ಎಂಜಿನ್ನಿನ ಹೀರುವ ಪೈಪನ್ನು ಅದಕ್ಕೆ ಇಳಿಸಬೇಕು. ಕ್ಯಾನನ್ನು ಎತ್ತರದಲ್ಲಿಟ್ಟರೆ ಡೀಸೆಲ್ ತಾನಾಗಿ ಹರಿದು ಬಂದು ಸೆಳೆತದ ದೋಷವನ್ನು ಮರೆಮಾಚುತ್ತದೆ. ಇಂಜೆಕ್ಟರಿನಿಂದ ಮರಳುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ತರುವುದನ್ನು ಮರೆಯಬಾರದು. ಅದು ಹಳೆಯ ಟ್ಯಾಂಕಿಗೇ ಹೋಗುತ್ತಿದ್ದರೆ ಕ್ಯಾನು ಎಣಿಸಿದ್ದಕ್ಕಿಂತ ಬೇಗ ಬರಿದಾಗಿ ಎಂಜಿನ್ ನಿಲ್ಲುತ್ತದೆ, ನಾವು ಅದನ್ನು ದೋಷವೆಂದು ಓದಿಕೊಳ್ಳುತ್ತೇವೆ. ಹೀಗೆ ಜೋಡಿಸಿ, ಜೊತೆಗೊಂದು ಬೋಟು ಇರುವಾಗ, ಪೂರ್ಣ ಹೊರೆಯಲ್ಲಿ ಓಡಿಸಬೇಕು. ಆಗಲೂ ಎಂಜಿನ್ ಕುಗ್ಗಿದರೆ ಟ್ಯಾಂಕ್ ನಿರ್ದೋಷಿ. ಲಿಫ್ಟ್ ಪಂಪು, ಫಿಲ್ಟರು, ಇಂಜೆಕ್ಷನ್ ಪಂಪುಗಳ ಕಡೆ ತಿರುಗಬೇಕು. ಕುಗ್ಗದಿದ್ದರೆ ದೋಷವಿರುವುದು ಟ್ಯಾಂಕಿನಲ್ಲಿ ಅಥವಾ ಕಳಚಿಟ್ಟ ಆ ಒಂದು ತುಂಡು ಪೈಪಿನಲ್ಲಿ.

ಬಿಲ್ಜಿನಲ್ಲಿ ಡೀಸೆಲ್

ಬಿಲ್ಜಿನ, ಅಂದರೆ ಬೋಟಿನ ಒಳತಳದಲ್ಲಿ ನೀರು ಸೇರುವ ತಗ್ಗಿನ, ನೀರಿನ ಮೇಲೆ ಬಣ್ಣಬಣ್ಣದ ಪದರ ತೇಲಿದ ಕೂಡಲೇ ಟ್ಯಾಂಕ್ ತೂತಾಗಿದೆ ಎನ್ನುವುದು ಅವಸರದ ಮಾತು. ಸೋರಿಕೆ ಯಾವಾಗ ಆಗುತ್ತದೆ ಎಂಬುದು ಎಲ್ಲಿ ಆಗುತ್ತಿದೆ ಎಂಬುದನ್ನು ತಿಳಿಸುತ್ತದೆ. ಬಾಯಿಯವರೆಗೆ ತುಂಬಿಸಿದ ದಿನ ಮಾತ್ರ ವಾಸನೆ ಬಂದು ಆಮೇಲೆ ನಿಂತರೆ, ಡೆಕ್ಕಿನಿಂದ ಇಳಿಯುವ ತುಂಬಿಸುವ ಹೋಸು ಬಿರಿದಿದೆ ಅಥವಾ ಟ್ಯಾಂಕಿನ ತಲೆಯ ಮೇಲಿನ ಗ್ಯಾಸ್ಕೆಟ್ ಒಣಗಿದೆ. ಎಂಜಿನ್ ಓಡುವಾಗ ಮಾತ್ರ ಸೋರಿದರೆ ಫಿಲ್ಟರಿನ ಸೀಲು ಮತ್ತು ರಿಟರ್ನ್ ಪೈಪುಗಳನ್ನು ನೋಡಬೇಕು. ಡೀಸೆಲ್ ಕಡಿಮೆಯಾಗುತ್ತಿದ್ದು ಬಿಲ್ಜ್ ಒಣಗಿದ್ದರೆ ಎಂಜಿನ್ ಆಯಿಲಿನ ಕಡ್ಡಿ ತೆಗೆದು ನೋಡಬೇಕು: ಎಂಜಿನ್ನಿಗೆ ಜೋಡಿಸಿದ ಲಿಫ್ಟ್ ಪಂಪಿನ ಪೊರೆ ಹರಿದರೆ ಡೀಸೆಲ್ ಆಯಿಲಿಗೆ ಇಳಿದು ಅದರ ಮಟ್ಟ ಏರುತ್ತದೆ, ಆಯಿಲು ತೆಳುವಾಗಿ ಡೀಸೆಲ್ ವಾಸನೆ ಬರುತ್ತದೆ. ಹಾಗಾಗಿದ್ದರೆ ಎಂಜಿನ್ ಓಡಿಸುವುದನ್ನು ತಕ್ಷಣ ನಿಲ್ಲಿಸಬೇಕು.

ಬೋಟು ಕಟ್ಟಿಹಾಕಿದಾಗಲೂ ದಿನಕ್ಕಿಷ್ಟು ಎಂದು ಮಟ್ಟ ಇಳಿದು, ಒಂದು ಎತ್ತರಕ್ಕೆ ಬಂದು ನಿಂತುಬಿಡುತ್ತದೆ ಎಂದಾದರೆ ತೂತು ಆ ಎತ್ತರದಲ್ಲಿದೆ. ಕಡ್ಡಿ ಅದ್ದಿ ಮಟ್ಟ ನೋಡುವಾಗ ಒಂದು ಎಚ್ಚರಿಕೆ ಅಗತ್ಯ. ಡೀಸೆಲ್ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಶೇಕಡಾ 0.08ರಷ್ಟು ಹಿಗ್ಗುತ್ತದೆ ಮತ್ತು ಕುಗ್ಗುತ್ತದೆ. 200 ಲೀಟರಿನಲ್ಲಿ 10 ಡಿಗ್ರಿಯ ವ್ಯತ್ಯಾಸ ಒಂದೂವರೆ ಲೀಟರಿಗೂ ಹೆಚ್ಚು. ಮಧ್ಯಾಹ್ನದ ಅಳತೆಯನ್ನು ಮರುದಿನ ಮುಂಜಾನೆಯ ಅಳತೆಗೆ ಹೋಲಿಸಿದರೆ ಇಲ್ಲದ ಸೋರಿಕೆ ಕಾಣಿಸಿಕೊಳ್ಳುತ್ತದೆ. ಮುಂಜಾನೆಗೆ ಮುಂಜಾನೆಯನ್ನೇ ಹೋಲಿಸಬೇಕು.

ಡೀಸೆಲಿನಲ್ಲಿ ನೀರು

ನೀರು ಡೀಸೆಲಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಆ ಎರಡರ ನಡುವಿನ ಗೆರೆಯಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳು ಬೆಳೆದು ಕಂದು–ಕಪ್ಪು ಲೋಳೆಯಾಗುತ್ತವೆ, ಆಮ್ಲ ಬಿಡುತ್ತವೆ, ಫಿಲ್ಟರ್ ಕಟ್ಟುತ್ತವೆ, ಟ್ಯಾಂಕಿನ ತಳವನ್ನು ಒಳಗಿನಿಂದ ತಿನ್ನುತ್ತವೆ. ಈ ಲೋಳೆ ಕಂಡವರು ಮೊದಲು ಕೇಳುವುದು ಕೊಲ್ಲುವ ಔಷಧಿಯನ್ನು. ಔಷಧಿ ಕೊಲ್ಲುತ್ತದೆ ನಿಜ, ಆದರೆ ಸತ್ತ ಲೋಳೆಯೆಲ್ಲ ಪದರ ಪದರವಾಗಿ ಕಳಚಿ ಫಿಲ್ಟರಿಗೇ ಬರುತ್ತದೆ. ಮೊದಲು ನೀರು ಮತ್ತು ಲೋಳೆಯನ್ನು ಹೊರತೆಗೆದು, ನೀರು ಬರುವ ದಾರಿ ಮುಚ್ಚಿ, ಆಮೇಲೆ ಬೇಕಿದ್ದರೆ ಔಷಧಿ ಹಾಕುವುದು ಸರಿಯಾದ ಕ್ರಮ.

ನೀರು ಎಲ್ಲಿಂದ ಬಂತೆಂದು ಕೇಳಿದರೆ ಎಲ್ಲರೂ ಹೇಳುವುದು ಎರಡೇ: ಬಂಕಿನವನು ಕಲಬೆರಕೆ ಮಾಡಿದ, ಇಲ್ಲವೇ ಟ್ಯಾಂಕ್ ಬೆವರಿತು. ಬೆವರಿನ ಲೆಕ್ಕ ಹೀಗಿದೆ. 30 ಡಿಗ್ರಿ ಉಷ್ಣತೆಯ, ಪೂರ್ತಿ ತೇವದಿಂದ ತುಂಬಿದ ಗಾಳಿಯಲ್ಲಿ ಘನಮೀಟರಿಗೆ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. 200 ಲೀಟರಿನ ಟ್ಯಾಂಕ್ ಪೂರ್ತಿ ಖಾಲಿಯಿದ್ದರೂ ಒಳಗಿನ ಗಾಳಿಯಲ್ಲಿರುವ ನೀರು 6 ಗ್ರಾಂ. ಹಗಲು–ರಾತ್ರಿಯ ಬಿಸಿ–ತಂಪಿನಿಂದ ಹೊಸದಾಗಿ ಒಳಬರುವ ಗಾಳಿ ಅದರ ಸಣ್ಣದೊಂದು ಪಾಲು ಮಾತ್ರ. ಟ್ಯಾಂಕಿನ ತಳದಿಂದ ಲೀಟರುಗಟ್ಟಲೆ ನೀರು ಬಂದರೆ ಅದು ಬೆವರಲ್ಲ, ಯಾವುದೋ ದಾರಿಯಿಂದ ನೇರವಾಗಿ ಒಳಗೆ ಹೋದದ್ದು.

ಆ ದಾರಿಯನ್ನು ಗುರುತಿಸಲು ನೀರು ಸಿಹಿಯೋ ಉಪ್ಪೋ ಎಂಬುದನ್ನು ತಿಳಿಯಬೇಕು. ಕೈಪಂಪಿಗೆ ಉದ್ದ ನಳಿಗೆ ಜೋಡಿಸಿ, ಬೋಟು ಒಂದು ರಾತ್ರಿ ಅಲುಗಾಡದೆ ನಿಂತ ಮೇಲೆ, ಟ್ಯಾಂಕಿನ ಅತ್ಯಂತ ತಗ್ಗಿನ ಮೂಲೆಯಿಂದ ಒಂದು ಗಾಜಿನ ಬಾಟಲಿಯಷ್ಟು ಹೀರಬೇಕು. ಬಾಟಲಿಯಲ್ಲಿ ಪದರಗಳು ಬೇರೆಯಾದ ಮೇಲೆ ಕೆಳಗಿನ ನೀರನ್ನು ಮಾತ್ರ ಸಿರಿಂಜಿನಿಂದ ತೆಗೆದು, ಚೊಕ್ಕ ಸ್ಟೀಲ್ ತಟ್ಟೆಯ ಮೇಲೆ ಕೆಲವು ಹನಿ ಹಾಕಿ ಬಿಸಿಲಿನಲ್ಲಿ ಒಣಗಲು ಬಿಡಬೇಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವುದರಿಂದ ಬಿಳಿಯ ಹರಳುಗಳ ಕಲೆ ಸ್ಪಷ್ಟವಾಗಿ ಉಳಿಯುತ್ತದೆ. ಉಪ್ಪು ಉಳಿದರೆ ಡೆಕ್ಕಿನ ಮುಚ್ಚಳದ ರಬ್ಬರ್ ಉಂಗುರ, ತೆರೆ ಬಡಿಯುವ ಜಾಗದಲ್ಲಿರುವ ವೆಂಟಿನ ಬಾಯಿ, ಅಥವಾ ಬಿಲ್ಜಿನ ನೀರಿನಲ್ಲಿ ಮುಳುಗಿರುವ ಟ್ಯಾಂಕಿನ ತೂತು, ಈ ಮೂರರಲ್ಲಿ ಒಂದು ಕಾರಣ. ಉಳಿಯದಿದ್ದರೆ ಮಳೆನೀರು, ಡೆಕ್ಕು ತೊಳೆದ ಸಿಹಿನೀರು, ಕರಗಿದ ಐಸಿನ ನೀರು, ಅಥವಾ ತುಂಬಿಸಿಕೊಂಡ ಡೀಸೆಲಿನಲ್ಲೇ ಇದ್ದ ನೀರು. ಬಂಕಿನ ಮೇಲೆ ಸಂಶಯವಿದ್ದರೆ ಜಗಳಕ್ಕಿಂತ ಮೊದಲು, ತುಂಬಿಸುವಾಗಲೇ ಒಂದು ಬಾಟಲಿ ಡೀಸೆಲ್ ಹಿಡಿದಿಟ್ಟು ನೋಡುವುದು ಲೇಸು. ಮಳೆಗಾಲದಲ್ಲಿ ನದಿಯ ಒಳಭಾಗದಲ್ಲಿ ಕಟ್ಟಿದ್ದ ಬೋಟಿಗೆ ಈ ಉಪ್ಪಿನ ಪರೀಕ್ಷೆಯ ಫಲಿತಾಂಶವನ್ನು ನೆಚ್ಚಬಾರದು. ಆಗ ಸುತ್ತಲಿನ ನೀರೇ ಬಹುಪಾಲು ಸಿಹಿ.

ಒತ್ತಡದ ಪರೀಕ್ಷೆ

ಮೇಲಿನ ಪರೀಕ್ಷೆಗಳೆಲ್ಲ ಟ್ಯಾಂಕಿನತ್ತಲೇ ಬೆರಳು ತೋರಿದಾಗ ಮಾತ್ರ ಇದಕ್ಕೆ ಕೈಹಾಕಬೇಕು. ಡೀಸೆಲನ್ನೆಲ್ಲ ಖಾಲಿ ಮಾಡಿ, ಹೀರುವ ಪೈಪು, ರಿಟರ್ನ್, ತುಂಬಿಸುವ ಬಾಯಿಗಳನ್ನು ಬಿರಟೆಯಿಂದ ಮುಚ್ಚಿ, ವೆಂಟಿನ ಮೂಲಕ 0.2 ಬಾರ್ ಒತ್ತಡ ಕೊಟ್ಟು, ಅದು ನಿಲ್ಲುತ್ತದೆಯೇ ಎಂದು ನೋಡುವುದು ರೂಢಿ. ಅಂಕಿ ಸಣ್ಣದೆಂದು ತೋರಬಹುದು, ಆದರೆ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಎತ್ತರದ ಬದಿಯ ಮೇಲೆ 0.2 ಬಾರ್ ಎಂದರೆ ಸುಮಾರು ಒಂದು ಟನ್ ಭಾರದ ತಳ್ಳಾಟ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ನೇರವಾಗಿ ಜೋಡಿಸಿದವರು ಟ್ಯಾಂಕನ್ನು ಉಬ್ಬಿಸಿ ಒಡೆಯುತ್ತಾರೆ, ಹತ್ತಿರವಿದ್ದವರಿಗೂ ಅಪಾಯ ತಂದೊಡ್ಡುತ್ತಾರೆ.

ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ನಳಿಗೆ ಇಲ್ಲಿ ಒತ್ತಡದ ಮಾಪಕವೂ ಹೌದು, ಕಾವಲುಗಾರನೂ ಹೌದು. 5 ಮೀಟರ್ ನಳಿಗೆಯನ್ನು ಎರಡೂವರೆ ಮೀಟರಿನ ಎರಡು ಕಾಲುಗಳಾಗುವಂತೆ ಕೆಳಗೆ ಬಾಗಿಸಿ ಕಂಬವೊಂದಕ್ಕೆ ಕಟ್ಟಿ, ಎರಡೂ ಕಾಲುಗಳಲ್ಲಿ ಅರ್ಧದವರೆಗೆ ನೀರು ನಿಲ್ಲುವಂತೆ ತುಂಬಿ, ಒಂದು ತುದಿಯನ್ನು ಟ್ಯಾಂಕಿಗೆ ಸೇರಿಸಿ ಇನ್ನೊಂದನ್ನು ತೆರೆದಿಡಬೇಕು. ಸೈಕಲ್ ಪಂಪಿನಿಂದ ನಿಧಾನವಾಗಿ ಗಾಳಿ ತುಂಬಿದಾಗ ಎರಡು ಕಾಲುಗಳ ನೀರಿನ ಮಟ್ಟಕ್ಕೆ 2 ಮೀಟರ್ ಅಂತರ ಬಂದರೆ ಅದೇ 0.2 ಬಾರ್. ಮೈಮರೆತು ಹೆಚ್ಚು ತುಂಬಿದರೆ ನೀರು ಮೇಲಿನಿಂದ ಚೆಲ್ಲಿ ಗಾಳಿ ತಾನಾಗಿ ಹೊರಹೋಗುತ್ತದೆ, ಟ್ಯಾಂಕಿಗೆ ಏನೂ ಆಗುವುದಿಲ್ಲ. ಕಾಣುವ ಬೆಸುಗೆ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಅರ್ಧ ಗಂಟೆ ಕಾಯಬೇಕು. ಒಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೂ ನೀರಿನ ಅಂತರ ಸುಮಾರು 4 ಸೆಂಟಿಮೀಟರ್ ಇಳಿಯುವುದರಿಂದ, ಬಿಸಿಲು ಬೀಳದ ಹೊತ್ತಿನಲ್ಲಿ ಪರೀಕ್ಷಿಸಬೇಕು. ಕೆಲವು ಸೆಂಟಿಮೀಟರ್ ಇಳಿದು ನಿಂತರೆ ಅದು ಉಷ್ಣತೆಯ ಆಟ. ನಿಲ್ಲದೆ ಇಳಿಯುತ್ತಲೇ ಇದ್ದು, ಮೇಲ್ಭಾಗದಲ್ಲೆಲ್ಲೂ ನೊರೆ ಕಾಣದಿದ್ದರೆ ತೂತು ನಮ್ಮ ಕಣ್ಣಿಗೆ ಬೀಳದ ತಳದಲ್ಲಿದೆ.

ಬಹುಪಾಲು ಟ್ಯಾಂಕುಗಳು ಕೆಡುವುದು ಅಲ್ಲಿಯೇ, ಅದೂ ಹೊರಗಿನಿಂದ. ಒದ್ದೆ ಹಲಗೆ, ಥರ್ಮಾಕೋಲ್, ಫೋಮು, ಹಳೆಯ ಬಲೆಯ ಚೂರು, ಯಾವುದರ ಮೇಲೆ ಟ್ಯಾಂಕನ್ನು ಕೂರಿಸಿದ್ದರೋ ಅದು ಉಪ್ಪುನೀರನ್ನು ಹಿಡಿದಿಟ್ಟುಕೊಂಡು ವರ್ಷಾನುಗಟ್ಟಲೆ ಲೋಹಕ್ಕೆ ಒತ್ತಿಕೊಂಡಿರುತ್ತದೆ. ಕಬ್ಬಿಣವಾದರೆ ಪದರ ಪದರವಾಗಿ ಎದ್ದುಬರುತ್ತದೆ. ಅಲ್ಯೂಮಿನಿಯಮ್ಮಾದರೆ ಬಿಳಿಯ ಹಿಟ್ಟಿನಂಥ ಪುಡಿಯ ಕೆಳಗೆ ಗುಳಿಗಳಿರುತ್ತವೆ. ಸ್ಟೇನ್‌ಲೆಸ್ ಸ್ಟೀಲಿಗೆ ಏನೂ ಆಗದೆಂಬ ನಂಬಿಕೆಯೂ ಪೊಳ್ಳು. ಗಾಳಿಯಾಡದೆ ಉಪ್ಪುನೀರು ನಿಂತ ಕಡೆ, ಅದರಲ್ಲೂ ಬೆಸುಗೆಯ ಅಂಚಿನಲ್ಲಿ, ಅದು ಹೊರಗೆ ಥಳಥಳಿಸುತ್ತಲೇ ಸೂಜಿಮೊನೆಯಷ್ಟು ತೂತು ಬೀಳುತ್ತದೆ.

ತೇಪೆ ಸಾಕೇ?

ಮೇಲ್ಭಾಗದ ಜೋಡಣೆಯ ಬಿರುಕಿಗೆ ತೇಪೆ ಸಾಕು. ತಳದ ತುಕ್ಕಿಗೆ ಎಂ-ಸೀಲ್ ಅಥವಾ ಎಪಾಕ್ಸಿ ಮೆತ್ತುವುದು ದಡ ಸೇರಲು ಮಾತ್ರ. ಒಂದು ತೂತು ಬಿದ್ದಿದೆಯೆಂದರೆ ಅದರ ಸುತ್ತಲಿನ ತಗಡೂ ಕಾಗದದಷ್ಟು ತೆಳುವಾಗಿದೆ ಎಂದೇ ಎಣಿಸಬೇಕು. ಬೋಟಿನಲ್ಲಿ ಇದ್ದಲ್ಲೇ ಟ್ಯಾಂಕಿಗೆ ಬೆಸುಗೆ ಹಾಕಿಸುವುದು, ಗ್ಯಾಸ್ ಕಟ್ಟರ್ ಅಥವಾ ಗ್ರೈಂಡರಿನಿಂದ ಕೊಯ್ಯುವುದು ಸಲ್ಲದು. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳದೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಖಾಲಿ ಟ್ಯಾಂಕಿನ ಗೋಡೆಗೆ ಅಂಟಿದ ಡೀಸೆಲ್ ಬೆಸುಗೆಯ ಕಾವಿಗೆ ಆವಿಯಾಗಿ, ಒಳಗಿನ ಗಾಳಿಯೊಡನೆ ಬೆರೆತು ಸಿಡಿಯುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ.

ಹೊರತೆಗೆಯುವುದು

ಟ್ಯಾಂಕಿನ ಅಳತೆಗಿಂತ ಮೊದಲು ಎಂಜಿನ್ ಕೋಣೆಯ ಬಾಗಿಲಿನ ಅಳತೆ ತೆಗೆಯಬೇಕು. ಹಳೆಯದರ ಜಾಗದಲ್ಲಿ ಆ ಬಾಗಿಲಿನಲ್ಲಿ ತೂರುವಂಥ ಎರಡು ಸಣ್ಣ ಟ್ಯಾಂಕುಗಳನ್ನು ಕೂರಿಸಲು ಸಾಧ್ಯವಾದರೆ, ಡೆಕ್ಕು ಕೊಯ್ಯುವ ಕೆಲಸ ಹಳೆಯ ಟ್ಯಾಂಕನ್ನು ಹೊರತೆಗೆಯುವಷ್ಟಕ್ಕೆ ಮುಗಿಯುತ್ತದೆ. ಮುಂದೆಂದೂ ಅದರ ಅಗತ್ಯ ಬೀಳುವುದಿಲ್ಲ. ಎರಡು ಟ್ಯಾಂಕಿದ್ದರೆ ಒಂದರಲ್ಲಿ ನೀರು ಸೇರಿದಾಗ ಇನ್ನೊಂದರಿಂದ ದಡ ಸೇರಬಹುದು, ಅಡ್ಡಲಾಗಿ ಹೊಯ್ದಾಡುವ ಡೀಸೆಲಿನ ಭಾರವೂ ಹಂಚಿಹೋಗುತ್ತದೆ.

ಕೊಯ್ಯಲೇಬೇಕಾದರೆ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಡೀಸೆಲ್ ಮತ್ತು ಒಳಗಿನ ಕೆಸರನ್ನು ಪೂರ್ತಿ ತೆಗೆದು, ಕೊಯ್ಯುವ ಅಲಗಿನ ಆಳವನ್ನು ಡೆಕ್ಕಿನ ದಪ್ಪಕ್ಕಷ್ಟೇ ಹೊಂದಿಸಬೇಕು. ಡೆಕ್ಕನ್ನು ಹೊತ್ತ ಅಡ್ಡತೊಲೆಗಳು ಎಲ್ಲಿವೆಯೆಂದು ಕೆಳಗಿನಿಂದ ಗುರುತು ಮಾಡಿಕೊಂಡು, ಎರಡು ತೊಲೆಗಳ ನಡುವೆ ಮಾತ್ರ ಕೊಯ್ಯಬೇಕು. ಮಳೆಗಾಲದ ತೇವದಲ್ಲಿ ಫೈಬರಿನ ರಾಳ ಸರಿಯಾಗಿ ಗಟ್ಟಿಯಾಗದ ಕಾರಣ, ಕೊಯ್ದ ಬಾಯಿಯನ್ನು ಮತ್ತೆ ಫೈಬರ್ ಹಾಕಿ ಮುಚ್ಚುವ ಬದಲು, ಸುತ್ತ ಅಂಚುಪಟ್ಟಿ ಕಟ್ಟಿ, ರಬ್ಬರ್ ಹಾಸಿ, ಬೋಲ್ಟಿನಿಂದ ಬಿಗಿಯುವ ಮುಚ್ಚಳ ಮಾಡಿಸುವುದು ಮೇಲು.

ಹೊಸ ಟ್ಯಾಂಕ್

ಬೆಲೆ ನೋಡಿದರೆ ಸಾದಾ ಕಬ್ಬಿಣ, ಬಾಳಿಕೆ ಮತ್ತು ತೂಕ ನೋಡಿದರೆ 5083ರಂಥ ಕಡಲ ದರ್ಜೆಯ ಅಲ್ಯೂಮಿನಿಯಮ್, ಚೆನ್ನಾಗಿ ಗಟ್ಟಿಯಾದ ರಾಳದಿಂದ ಮಾಡಿದರೆ ಫೈಬರ್. ಸತು ಲೇಪಿಸಿದ ತಗಡು ಡೀಸೆಲಿಗೆ ಬೇಡ. ಸತು ಡೀಸೆಲಿನಲ್ಲಿರುವ ಆಮ್ಲಾಂಶದೊಡನೆ ಸೇರಿ ಉಂಟಾಗುವ ಜಿಗುಟು ವಸ್ತು ಫಿಲ್ಟರು, ಇಂಜೆಕ್ಟರುಗಳನ್ನು ಕೆಡಿಸುತ್ತದೆ. ತಾಮ್ರ ಡೀಸೆಲನ್ನು ಬೇಗ ಹಳಸುತ್ತದೆ. ಅಲ್ಯೂಮಿನಿಯಮ್ ಟ್ಯಾಂಕಿಗೆ ಹಿತ್ತಾಳೆಯ ಜೋಡಣೆಯನ್ನು ನೇರವಾಗಿ ತಿರುಗಿಸಿದರೆ ಉಪ್ಪುನೀರು ತಾಗಿದಲ್ಲಿ ಅಲ್ಯೂಮಿನಿಯಮ್ಮೇ ಸವೆಯುತ್ತದೆ.

ಶೆಡ್ಡಿನವರಿಗೆ ಬರೆದು ಕೊಡಬೇಕಾದ ಸಂಗತಿಗಳು ಕೆಲವಿವೆ. ತಳ ಒಂದು ಮೂಲೆಗೆ ಇಳಿಜಾರಾಗಿದ್ದು, ಅಲ್ಲಿ ನೀರು ಕೂರುವ ಸಣ್ಣ ಗುಂಡಿ ಮತ್ತು ಅದನ್ನು ತೆಗೆಯಲು ದಾರಿ ಇರಬೇಕು. ಒಳಗೆ ಅಡ್ಡಗೋಡೆಗಳಿದ್ದು, ಪ್ರತಿಯೊಂದು ಖಾನೆಗೂ ಕೈ ತೂರಿಸಿ ತೊಳೆಯುವಷ್ಟು ಬಾಯಿ ಮೇಲಿರಬೇಕು. ಹೀರುವ ಕೊಳವೆ ಮೇಲಿನಿಂದ ಇಳಿದು ತಳಕ್ಕಿಂತ ಎರಡು ಸೆಂಟಿಮೀಟರಿನಷ್ಟು ಮೇಲೆ ನಿಲ್ಲಬೇಕು, ಅದರ ಬಾಯಿಗೆ ಜಾಲರಿ ಬೇಡ. ಕಸ ಹಿಡಿಯುವುದು ಫಿಲ್ಟರಿನ ಕೆಲಸ, ಅದನ್ನು ಕಡಲ ನಡುವೆಯೂ ಬದಲಾಯಿಸಬಹುದು, ಜಾಲರಿಯನ್ನು ಆಗದು. ತಳದಿಂದ ನಲ್ಲಿ ಕೊಡುವ ಹಳೆಯ ಪದ್ಧತಿಯಲ್ಲಿ ಒಂದು ಹೋಸು ಕಳಚಿದರೆ ಟ್ಯಾಂಕ್ ಪೂರ್ತಿ ಬಿಲ್ಜಿಗೆ ಸುರಿಯುತ್ತದೆ. ವೆಂಟಿನ ಒಳವ್ಯಾಸ 14 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಅದರ ಬಾಯಿ ತೆರೆ ತಾಗದ ಎತ್ತರದಲ್ಲಿ ಕೆಳಮುಖವಾಗಿ ಬಾಗಿರಬೇಕು. ಟ್ಯಾಂಕ್ ಶೆಡ್ಡಿನಿಂದ ಹೊರಡುವ ಮುನ್ನ, ಬಣ್ಣ ಬಳಿಯುವ ಮುನ್ನವೂ ಆಗಬೇಕು, ಮೇಲೆ ಹೇಳಿದ ನೀರಿನ ನಳಿಗೆಯ ಪರೀಕ್ಷೆಯನ್ನು ಕಣ್ಣೆದುರೇ ಮಾಡಿಸಬೇಕು. ಬಣ್ಣ ಸಣ್ಣ ತೂತನ್ನು ಕೆಲವು ತಿಂಗಳ ಮಟ್ಟಿಗೆ ಮುಚ್ಚಿಡುತ್ತದೆ.

ಕೂರಿಸುವಾಗ ಹಳೆಯ ಟ್ಯಾಂಕಿನ ತಳವನ್ನು ತಿರುಗಿಸಿ ನೋಡಿ, ಅದು ಎಲ್ಲಿ ಕೊಳೆತಿತ್ತೋ ಅಲ್ಲಿ ನೀರು ನಿಲ್ಲಲು ಏನು ಕಾರಣವೆಂದು ಹುಡುಕಿ ಸರಿಪಡಿಸದಿದ್ದರೆ ಹೊಸದಕ್ಕೂ ಅದೇ ಗತಿ. ನೀರು ಹೀರದ ಗಟ್ಟಿ ರಬ್ಬರಿನ ಪಟ್ಟಿಗಳನ್ನು ಸೀಲಂಟಿನಿಂದ ತಳಕ್ಕೇ ಅಂಟಿಸಿ, ಪಟ್ಟಿಗಳ ನಡುವೆ ನೀರು ಹರಿದು ಹೋಗಿ ಗಾಳಿಯಾಡುವಂತಿರಬೇಕು. ಪಟ್ಟಿಗಳ ಸಾಲು ಇಳಿಜಾರಿನ ದಿಕ್ಕಿನಲ್ಲಿರಬೇಕು, ಅಡ್ಡಕ್ಕಲ್ಲ. ಬಿಲ್ಜಿನಲ್ಲಿ ಸಾಮಾನ್ಯವಾಗಿ ನಿಲ್ಲುವ ನೀರಿಗಿಂತ ತಳ ಮೇಲಿರಬೇಕು. 200 ಲೀಟರ್ ಡೀಸೆಲ್ ಸುಮಾರು 165 ಕಿಲೋ ತೂಗುವುದರಿಂದ ಅದು ತೆರೆಗೆ ಜಿಗಿಯದಂತೆ ಮೇಲಿನಿಂದಲೂ ಪಟ್ಟಿ ಬಿಗಿಯಬೇಕು, ಆ ಪಟ್ಟಿಯ ಕೆಳಗೂ ರಬ್ಬರ್ ಇರಬೇಕು. ಹಳೆಯ ಹೋಸುಗಳನ್ನು ಮತ್ತೆ ಬಳಸುವ ಉಳಿತಾಯ ಬೇಡ.

ಮೊದಲ ಸಲ ತುಂಬಿಸುವುದನ್ನು ಬೋಟು ನೀರಿಗಿಳಿದು ಎಂದಿನಂತೆ ತೇಲುತ್ತಿರುವಾಗ, ಕ್ಯಾನಿನಿಂದ 20 ಲೀಟರಿನಂತೆ ಮಾಡಬೇಕು. ಪ್ರತಿ ಕ್ಯಾನು ಹಾಕಿದ ಮೇಲೆ ಜೋಡಣೆಗಳನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ, ಅಳತೆಯ ಕಡ್ಡಿಯನ್ನು ಅದ್ದಿ ಒಂದು ಗೆರೆ ಕೊರೆಯಬೇಕು. ಹೊಸ ಟ್ಯಾಂಕಿನ ತಳ ಇಳಿಜಾರಾಗಿರುವ ಕಾರಣ ಗೆರೆಗಳ ಅಂತರ ಕೆಳಗೆ ಹೆಚ್ಚಾಗಿ ಮೇಲೆ ಕಡಿಮೆಯಾಗುತ್ತದೆ. ಹಳೆಯ ಕಡ್ಡಿ ಇದಕ್ಕೆ ಹೊಂದುವುದಿಲ್ಲ, ಅದನ್ನು ಬೋಟಿನಲ್ಲಿ ಇಟ್ಟುಕೊಳ್ಳಲೂಬಾರದು. ಪೈಪಿನ ಗಾಳಿ ತೆಗೆದು ಎಂಜಿನ್ ಓಡಿಸಿದ ಮೇಲೆ, ಮೊದಲ ವಾರದ ಕೊನೆಗೆ ಫಿಲ್ಟರ್ ಬಿಚ್ಚಿದರೆ ಬೆಸುಗೆಯ ಪುಡಿ ಸ್ವಲ್ಪ ಸಿಗುತ್ತದೆ. ಎರಡನೆಯ ಫಿಲ್ಟರಿನಲ್ಲೂ ಅದು ಸಿಕ್ಕರೆ ಟ್ಯಾಂಕಿನ ಬಾಯಿ ತೆರೆದು ಒಳಗನ್ನು ಇನ್ನೊಮ್ಮೆ ತೊಳೆಯಬೇಕು.